ಹುಲಿ ಎಣಿಸಿ ಬಂದ ಮೇಲೆ

ಹುಲಿ ಎಣಿಸಲು ಹೋಗುವ ಮೊದಲು ನನಗೆ ನಮ್ಮ ಮನೆಯ ಮೇಲೆ ಬೇಕಾದಷ್ಟು ತಕರಾರುಗಳಿದ್ದವು. ಗೀಸರ್ ನೀರು ಕಾಯಲು ಇಪ್ಪತ್ತು ನಿಮಿಷ ಬೇಕು. ನನ್ನ ದಿಂಬು ಒಂದು ಕಡೆ ಗಂಟು, ಇನ್ನೊಂದು ಕಡೆ ಟೊಳ್ಳು. ಇನ್ನು ಡಿಸೆಂಬರ್ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ಅವರೆಕಾಯಿ ಬಿಟ್ಟು ಬೇರೆ ತರಕಾರಿಗೆ ಪ್ರವೇಶವಿಲ್ಲ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಹುಳಿ, ರಾತ್ರಿ ಹಿತಕವರೆ ಸಾರು. ಒಂದು ದಿನ ರೇಗಿ, "ಈ ಮನೇಲಿ ಇರೋದಕ್ಕಿಂತ ಕಾಡಿಗೆ ಹೋಗೋದು ವಾಸಿ" ಅಂದೆ. ಅಸ್ತು ದೇವತೆಗಳು ಅಲ್ಲೇ ಎಲ್ಲೋ ಓಡಾಡುತ್ತಿದ್ದರು ಅಂತ ಕಾಣುತ್ತೆ.

ಅದು 2018ರ ಜನವರಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಗೆ ಸ್ವಯಂಸೇವಕರು ಬೇಕಾಗಿದ್ದರು. ಅರ್ಜಿ ಹಾಕಿದೆ, ಬಂಡೀಪುರಕ್ಕೆ ಆಯ್ಕೆಯೂ ಆಗಿಬಿಟ್ಟೆ. ಬ್ಯಾಂಕಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಹೆಂಡತಿ ಒಂದು ಡಬ್ಬ ಕೋಡುಬಳೆ ಕಟ್ಟಿಕೊಟ್ಟಳು. ಅಮ್ಮ ಮಾತ್ರ, "ಹುಲಿ ನಿನ್ನ ಎಣಿಸದೇ ಇದ್ರೆ ಸಾಕು ಕಣೋ" ಅಂದಳು.

ನನಗೆ ಸಿಕ್ಕಿದ್ದು ಕಾಡಿನೊಳಗಿನ ಒಂದು ಕಳ್ಳಬೇಟೆ ತಡೆ ಶಿಬಿರ. ಒಂದು ಕೋಣೆ, ಒಂದು ಸೌದೆ ಒಲೆ, ಒಂದು ಸೋಲಾರ್ ದೀಪ. ಆನೆ ಬಾರದ ಹಾಗೆ ಸುತ್ತ ತೋಡಿದ ಕಂದಕ, ದಾಟಲು ಎರಡು ಹಲಗೆ. ವಾಚರುಗಳು ವರ್ಷವಿಡೀ ಅಲ್ಲೇ ಇರುತ್ತಾರೆ, ಏನೂ ವಿಶೇಷವಲ್ಲ ಅನ್ನುವ ಹಾಗೆ. ನನ್ನ ಕೋಡುಬಳೆ ಮೊದಲ ಸಂಜೆಯೇ ಕೋತಿಯ ಪಾಲಾಯಿತು. ಆ ಡಬ್ಬದ ಬಿಗಿ ಮುಚ್ಚಳ ನನಗೆ ತೆಗೆಯಲು ಬಂದಿರಲಿಲ್ಲ. ಕೋತಿಗೆ ಬಂತು.

ಗಣತಿ ಅಂದರೆ ಹುಲಿಗಳು ಒಂದೊಂದಾಗಿ ಬರುತ್ತವೆ, ನಾನು ಗೀಟು ಹಾಕುತ್ತಾ ಹೋಗುತ್ತೇನೆ ಅಂದುಕೊಂಡಿದ್ದೆ. ಆದರೆ ಮೊದಲ ಮೂರು ದಿನ ಐದೈದು ಕಿಲೋಮೀಟರ್ ನಡೆದು ಹುಲಿ, ಚಿರತೆಗಳ ಹೆಜ್ಜೆ, ಗೀರು, ಮಲ ಹುಡುಕಬೇಕಿತ್ತು. ಆಮೇಲಿನ ಮೂರು ದಿನ ಎರಡು ಕಿಲೋಮೀಟರಿನ ನೇರ ಗೆರೆಯಲ್ಲಿ ನಡೆಯುತ್ತಾ ಜಿಂಕೆ, ಕಡವೆ, ಕಾಟಿಗಳ ಲೆಕ್ಕ. ಅದೇ ಗೆರೆಯಲ್ಲಿ 400 ಮೀಟರಿಗೊಮ್ಮೆ ನಿಂತು, 2 ಮೀಟರ್ ಅಗಲ 20 ಮೀಟರ್ ಉದ್ದದ ಜಾಗದಲ್ಲಿ ಬಿದ್ದಿರುವ ಹಿಕ್ಕೆ ಎಣಿಸಬೇಕು. ಹೌದು, ಹಿಕ್ಕೆ! ಜಿಂಕೆಯದು ಬೇರೆ, ಕಡವೆಯದು ಬೇರೆ. ಇಪ್ಪತ್ತು ವರ್ಷ ಗರಿಗರಿ ನೋಟು ಎಣಿಸಿದ ಕೈ ಇದು. ಒಂದು ಕಡೆ ನೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪಿ, ಮೊಣಕಾಲೂರಿ ಮತ್ತೆ ಒಂದರಿಂದ ಶುರು ಮಾಡಿದೆ. ಜೊತೆಗಿದ್ದ ವಾಚರ್, ಪಾಪ, ಆಕಾಶ ನೋಡುತ್ತಾ ನಿಂತಿದ್ದರು.

ಹುಲಿ ಕಂಡಿತಾ ಅಂತ ಎಲ್ಲರೂ ಕೇಳುತ್ತಾರೆ. ಕಾಣಲಿಲ್ಲ. ಎರಡನೇ ದಿನ ಬೆಳಿಗ್ಗೆ ಶಿಬಿರದ ಹತ್ತಿರದ ದೂಳಿನ ದಾರಿಯಲ್ಲಿ ನನ್ನ ಹಿಂದಿನ ದಿನದ ಶೂ ಗುರುತು ಹಾಗೇ ಇತ್ತು. ಅದರ ಮೇಲೆ ದೊಡ್ಡದೊಂದು ಹೆಜ್ಜೆ. "ನೀವು ನೋಡ್ದೆ ಇದ್ರೇನು ಸಾರ್, ಅದು ನಿಮ್ಮನ್ನ ನೋಡೈತೆ" ಅಂದರು ವಾಚರ್.

ಅವತ್ತಿನಿಂದ ರಾತ್ರಿಗಳು ಬಹಳ ಉದ್ದವಾದವು. ಹೊರಗೆ ಹೋಗಬೇಕಾದರೆ ಒಬ್ಬರೇ ಹೋಗಬೇಡಿ, ಎಬ್ಬಿಸಿ ಅಂತ ಮೊದಲೇ ಹೇಳಿದ್ದರು. ನನಗೋ ಸರಿಯಾಗಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಹೋಗಲೇಬೇಕು. ದಿನವಿಡೀ ನಡೆದು ಮಲಗಿದವರನ್ನು ಎಬ್ಬಿಸಲು ಸಂಕೋಚ. ತಡೆದುಕೊಂಡು ತಡೆದುಕೊಂಡು ಕೊನೆಗೆ ಎಬ್ಬಿಸಿದರೆ ಇಬ್ಬರು ಟಾರ್ಚ್ ಹಿಡಿದು ಮೆರವಣಿಗೆಯ ಹಾಗೆ ಬರುತ್ತಿದ್ದರು. ಸುತ್ತ ಬೆಳಕು ಹಾಯಿಸಿ, "ಆನೆ ಇಲ್ಲ ಸಾರ್, ಮಾಡ್ಕೊಳಿ" ಅಂತ ಅಪ್ಪಣೆ ಕೊಟ್ಟ ಮೇಲೆ ನನಗೆ ಬರುತ್ತಲೇ ಇರಲಿಲ್ಲ.

ಸಂಕ್ರಾಂತಿ ಹಿಂದಿನ ದಿನ ಮನೆಗೆ ಬಂದೆ. ಒಳಗೆ ಎಳ್ಳು ಹುರಿದ ವಾಸನೆ. ಆದರೆ ಅಮ್ಮ ಗೇಟಿನಲ್ಲೇ ತಡೆದಳು. ನಾಯಿ, ದನದ ಮೈಗೆ ಹತ್ತುತ್ತಲ್ಲ, ಆ ಉಣ್ಣಿ ನನ್ನ ಕಾಲಿನಿಂದ ಸೊಂಟದವರೆಗೆ ಮನೆ ಮಾಡಿಕೊಂಡಿದ್ದವು. ಹಿತ್ತಲಲ್ಲಿ ನಿಲ್ಲಿಸಿ ಒಂದೊಂದಾಗಿ ಕಿತ್ತಳು. ಒಟ್ಟು ಇಪ್ಪತ್ತಮೂರು. ಎಣಿಸಿದ್ದು ನಾನೇ, ಅಭ್ಯಾಸಬಲ.

ಆಮೇಲೆ ಗೀಸರ್. ಸ್ವಿಚ್ ಹಾಕಿ, ಮುಂದೆ ಸ್ಟೂಲ್ ಎಳೆದುಕೊಂಡು ಕೂತೆ. ಆ ಕೆಂಪು ದೀಪವನ್ನು ಇಪ್ಪತ್ತು ನಿಮಿಷ ನೋಡಿದರೂ ಬೇಜಾರಾಗಲಿಲ್ಲ. ಹಾಲಿಲ್ಲದ ಟೀ ಕುಡಿದು ಒಗರಾಗಿದ್ದ ನಾಲಿಗೆಗೆ ಮನೆಯ ಡಿಕಾಕ್ಷನ್ ಬಿದ್ದಾಗ ಕಣ್ಣಲ್ಲಿ ನೀರು ಬಂತು. ದಿಂಬಿನ ಗಂಟು ಕತ್ತಿನ ಕೆಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಹಿತಕವರೆ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡೆ. ಹೆಂಡತಿಗೆ ಅನುಮಾನ ಬಂದು ಹಣೆ ಮುಟ್ಟಿ ನೋಡಿದಳು.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಪಕ್ಕದವರನ್ನು ಮೆಲ್ಲಗೆ ತಟ್ಟಿ, "ಅಣ್ಣಾ, ಹೊರಗೆ ಹೋಗ್ಬೇಕಿತ್ತು, ಸ್ವಲ್ಪ ಟಾರ್ಚ್ ಹಿಡೀತೀರಾ?" ಅಂದೆ.

ದೀಪ ಹತ್ತಿತು. "ನಾನು ನಿಮಗೆ ಅಣ್ಣ ಯಾವಾಗ ಆದೆ ರೀ?"

ಬಾತ್‌ರೂಮ್ ಬರೀ ಎಂಟು ಹೆಜ್ಜೆ. ಕಂದಕ ಇಲ್ಲ, ಹಲಗೆ ಇಲ್ಲ, ಅಪ್ಪಣೆ ಬೇಕಿಲ್ಲ. ಒಳಗೆ ಚಿಲಕ ಬೇರೆ! ಮೂರು ಗಂಟೆಗೆ ಇನ್ನೊಂದು ಸಲ ಹೋಗಿಬಂದೆ, ಸುಮ್ನೆ.

ನನ್ನ ಈ ಒಳ್ಳೆಯತನವನ್ನು ಮನೆಯವರು ಚೆನ್ನಾಗಿಯೇ ಬಳಸಿಕೊಂಡರು. ನೆನೆಸಿದ ಅವರೆಕಾಳು ತಂದು ಮುಂದಿಟ್ಟು ಹಿತುಕಲು ಕೂರಿಸಿದರು. ನಾನೂ ಕೂತೆ. ಮುನ್ನೂರ ಹನ್ನೆರಡರವರೆಗೆ ಲೆಕ್ಕ ಸರಿಯಾಗಿತ್ತು, ಆಮೇಲೆ ಫೋನ್ ಬಂತು. ಹನ್ನೊಂದನೇ ದಿನ ಬೆಳಿಗ್ಗೆ ನನ್ನ ಬಾಯಿಂದ, "ಇವತ್ತೂ ಅವರೆಕಾಳಾ?" ಅಂತ ಹೊರಬಿತ್ತು. ಅಮ್ಮ ನಿಟ್ಟುಸಿರು ಬಿಟ್ಟು, "ಸದ್ಯ, ಹುಷಾರಾದ" ಅಂದಳು.

2019ರ ಜುಲೈ 29ಕ್ಕೆ ಗಣತಿಯ ಫಲಿತಾಂಶ ಬಂತು. ದೇಶದಲ್ಲಿ 2,967 ಹುಲಿ. ಮಧ್ಯಪ್ರದೇಶದಲ್ಲಿ 526, ಕರ್ನಾಟಕದಲ್ಲಿ 524. ಎರಡೇ ಎರಡು ಹುಲಿಯಲ್ಲಿ ನಮಗೆ ಮೊದಲ ಸ್ಥಾನ ತಪ್ಪಿತು. ಹೆಂಡತಿ ಪೇಪರ್ ಕೆಳಗಿಟ್ಟು, "ರೀ, ಆ ಎರಡನ್ನ ಬಿಟ್ಟು ಬಂದೋರು ನೀವೇ ಅಲ್ವಾ?" ಅಂದಳು.

ಹಾಗಲ್ಲ ಕಣೇ ಅಂತ ವಿವರಿಸಿದೆ. ಕಾಡಿನಲ್ಲಿ ಅಲ್ಲಲ್ಲಿ ಕ್ಯಾಮೆರಾ ಕಟ್ಟಿರುತ್ತಾರೆ. ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಹುಲಿಯ ಪಟ್ಟೆಯೂ ಬೇರೆ ಬೇರೆ. ಅದನ್ನು ನೋಡಿ ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ನಾನು ಎಣಿಸಿದ್ದು ಹಿಕ್ಕೆ ಮಾತ್ರ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆ ಕಡೆ ತಿರುಗಿದಳು.

"ಅತ್ತೇ, ಆ ಎರಡೂ ರಾತ್ರಿ ಎರಡು ಗಂಟೆಗೆ ಬಂದಿವೆ. ಇವರು ಬೆನ್ನು ತಿರುಗಿಸಿ ನಿಂತಿದ್ರಂತೆ."