ಕಾಫಿಗೆ ಮೀಟರ್, ವ್ಯಾಪಾರಿಗೆ ಮುಖ

ನಮ್ಮ ಚಿಕ್ಕಮಗಳೂರು ಕಡೆ ರೋಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರೋಕೆ ಹೋದರೆ ವ್ಯಾಪಾರಿ ಮೂಟೆ ನೋಡಿ ರೇಟು ಹೇಳಲ್ಲ. ಒಳಗಿಂದ ಸ್ಯಾಂಪಲ್ ತೆಗೀತಾನೆ, ಮಾಯಿಶ್ಚರ್ ಮೀಟರ್‌ಗೆ ಹಾಕ್ತಾನೆ, ಸಿಪ್ಪೆ ಬಿಡಿಸಿದ ಮೇಲೆ ಎಷ್ಟು ಬೀಜ ಉಳಿಯುತ್ತೆ ಅಂತ ಔಟ್‌ಟರ್ನ್ ತೂಗ್ತಾನೆ, ಬೋರರ್ ಹುಳ ಕೊರೆದ ಬೀಜ ಎಷ್ಟಿದೆ ಅಂತ ಬೆರಳಲ್ಲೇ ಬೇರೆ ಮಾಡ್ತಾನೆ. ಸರಿ, ಅದು ಅವನ ಕಸುಬು. ಅದೇ ಮನುಷ್ಯ "ದುಡ್ಡು ಮುಂದಿನ ತಿಂಗಳು ಗೌಡ್ರೇ" ಅಂದಾಗ ನಾವು ಅವನನ್ನ ಯಾವ ಮೀಟರ್‌ಗೆ ಹಾಕ್ತೀವಿ? ಗರಿಗರಿ ಬಿಳಿ ಶರ್ಟು, ಬಾಗಿಲಲ್ಲಿ ಫಾರ್ಚೂನರ್, ಗತ್ತಿನ ಮಾತು. ಮುಗೀತು, ವರ್ಷದ ಫಸಲು ಅವನ ಗೋಡೌನ್‌ಗೆ.

ಹಳ್ಳಿಯವರ ದಡ್ಡತನ ಅಂತ ನಗಬೇಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗ್ರಹಾಂ, ಹಾರ್ವೆ, ಪುರಿ ಅನ್ನೋ ಸಂಶೋಧಕರು ಸುಮಾರು 2,000 ಜನರಿಗೆ ಕಂಪನಿ ಮುಖ್ಯಸ್ಥರ ಫೋಟೋ ತೋರಿಸಿದ್ರು. ಮುಖದಲ್ಲಿ 'ಸಮರ್ಥ'ನ ಕಳೆ ಇದ್ದವರಿಗೆ ಸಂಬಳ ಜಾಸ್ತಿ ಇತ್ತು. ಕಂಪನಿಯ ಸಾಧನೆಗೂ ಆ ಕಳೆಗೂ ಮಾತ್ರ ನಂಟು ಕಾಣಲಿಲ್ಲ. 2008ರ ಇನ್ನೊಂದು ಅಧ್ಯಯನ ಮುಖಕ್ಕೂ ಲಾಭಕ್ಕೂ ಸಂಬಂಧ ಇದೆ ಅಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಚೆನ್ನಾಗಿ ನಡೀತಿರೋ ಕಂಪನಿಗಳೇ ಅಂಥ ಮುಖ ಹುಡುಕಿ ಕೂರಿಸಿರಬಹುದಲ್ಲ?

ಮಲ್ಯರನ್ನೇ ನೋಡಿ. ಕಿವಿಯಲ್ಲಿ ವಜ್ರ, ಗಡ್ಡ, ಕ್ಯಾಲೆಂಡರ್, ಪಾರ್ಟಿ. ಅವರ ವಿಮಾನ ಕಂಪನಿಯ ಕಿಂಗ್‌ಫಿಶರ್ ಅನ್ನೋ ಹೆಸರನ್ನೇ ಬ್ಯಾಂಕುಗಳು ಅಡಮಾನ ಇಟ್ಕೊಂಡ್ವು. ವಿಮಾನ 2012ರಲ್ಲಿ ನಿಂತಿತು. 2016ರಲ್ಲಿ ಬ್ರ್ಯಾಂಡನ್ನ 366.70 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜಿಗಿಟ್ಟರೆ ಒಬ್ಬನೇ ಒಬ್ಬ ಕೂಗಲಿಲ್ಲ. ಬಾಕಿ ಇದ್ದದ್ದು 9,000 ಕೋಟಿಯ ಆಸುಪಾಸು.

ಇಲ್ಲಿಗೆ ಬಂದಾಗ ನಮ್ಮವರು "ಅದಕ್ಕೇ ಸರಳವಾಗಿರೋರನ್ನ ನಂಬಬೇಕು" ಅಂತಾರೆ. ನನ್ನ ತಕರಾರು ಇರೋದೇ ಇಲ್ಲಿ. ಸರಳತೆಯೂ ಒಂದು ವೇಷವೇ. ಎಫ್‌ಟಿಎಕ್ಸ್ ಅನ್ನೋ ಕ್ರಿಪ್ಟೋ ವಿನಿಮಯ ಕಂಪನಿಯ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್ ಚಡ್ಡಿ, ಟೀ ಶರ್ಟು, ಕೆದರಿದ ಕೂದಲಲ್ಲೇ ದೊಡ್ಡ ದೊಡ್ಡ ಹೂಡಿಕೆದಾರರನ್ನ ಮರುಳು ಮಾಡಿದ. ಆ ಕೂದಲಿಗೆ ಬೆಲೆ ಇದೆ ಅಂತ ಅವನು ನಂಬಿದ್ದ, ಇಮೇಜ್ ಚೆನ್ನಾಗಿರುತ್ತೆ ಅಂತಲೇ ದುಬಾರಿ ಕಾರು ಬಿಟ್ಟು ಟೊಯೋಟಾ ಕೊರೊಲಾ ಹಿಡಿದ ಅಂತ ಅವನ ಜೊತೆಗಿದ್ದ ಕ್ಯಾರೊಲಿನ್ ಎಲಿಸನ್ 2023ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ರು. ಮರುವರ್ಷ ಅವನಿಗೆ 25 ವರ್ಷ ಜೈಲು. ಹವಾಯಿ ಚಪ್ಪಲಿ ಹಾಕ್ಕೊಂಡು ಬಂದು ಚೀಟಿ ದುಡ್ಡು ನುಂಗಿದವರು ನಮ್ಮ ಜಿಲ್ಲೆಯಲ್ಲೂ ಕಮ್ಮಿ ಇಲ್ಲ.

ಹೆಂಗಸರ ಪಾಡಂತೂ ಬೇರೆಯೇ. ನಮ್ಮತ್ತಿಗೆ ತೋಟದ ಲೆಕ್ಕ ಪೈಸೆ ತಪ್ಪದಂತೆ ಇಡ್ತಾರೆ. ಬೆಳೆಸಾಲಕ್ಕೆ ಅಂತ ಮಾಮೂಲಿ ಕಾಟನ್ ಸೀರೆಯಲ್ಲಿ ಬ್ಯಾಂಕಿಗೆ ಹೋದ್ರೆ "ಯಜಮಾನ್ರು ಬಂದಿಲ್ವಾ ಅಮ್ಮಾ?" ಅಂತ ನಿಲ್ಲಿಸಿಯೇ ಕಳಿಸಿದ್ರು. ಆಮೇಲೊಂದಿನ ಅವಲಕ್ಕಿ ಸರ ಹಾಕ್ಕೊಂಡು, ರೇಷ್ಮೆ ಸೀರೆ ಉಟ್ಕೊಂಡು, ಅದೇ ಪಹಣಿ ಹಿಡ್ಕೊಂಡು ಹೋದ್ರು. ಕುರ್ಚಿ ಸಿಕ್ಕಿತು, ಫೈಲೂ ಮುಂದಕ್ಕೆ ಹೋಯ್ತು. ಅತ್ತಿಗೆಗೆ ಅದು ತಮಾಷೆ. ಮನೆಗೆ ಬಂದವರಿಗೆಲ್ಲ ಹೇಳ್ಕೊಂಡು ನಗ್ತಾರೆ. ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.