ಫೋನ್ ಇರುವಾಗ ಹಳ್ಳಿಗೆ ಸರ್ಕಾರಿ ಟಿವಿ ಇನ್ನೂ ಬೇಕಾ?

ಪರ: ಬೇಕು, ಸುಮ್ನೆ ಫೋನ್ ತೋರಿಸಬೇಡಿ

2020ರ ಮಳೆಗಾಲ. ಕೊರೋನಾ ಅಂತ ಶಾಲೆ ಮುಚ್ಚಿತ್ತು. ಮಲೆನಾಡಿನಲ್ಲಿರುವ ನಮ್ಮಕ್ಕನ ಮಗಳು ಆಗ ಹತ್ತನೇ ಕ್ಲಾಸು. ಆನ್‌ಲೈನ್ ಪಾಠಕ್ಕೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಅಲ್ಲಿ ಒಂದು ಬಂಡೆ ಹತ್ತಿರ ಮಾತ್ರ ಎರಡು ಕಡ್ಡಿ ಸಿಗ್ನಲ್, ತಲೆ ಮೇಲೆ ಕೊಡೆ, ಕಾಲಿಗೆ ಉಂಬಳ. ಅಷ್ಟರಲ್ಲಿ ಚಂದನದಲ್ಲಿ 'ಸಂವೇದ' ಪಾಠ ಶುರುವಾಯಿತು. ಹುಡುಗಿ ಗುಡ್ಡ ಇಳಿದು ಜಗಲಿಗೆ ಬಂದಳು. ಕರೆಂಟು ಹೋದರೆ ಪಾಠವೂ ಹೋಗುತ್ತಿತ್ತು ಅನ್ನಿ. ಆದರೆ ರೀಚಾರ್ಜ್ ಮಾಡಿಸು ಅಂತ ದಿನಾ ಅಪ್ಪನ ಮುಖ ನೋಡಬೇಕಾಗಿರಲಿಲ್ಲ.

ಇದೇನು ಹೊಸದಲ್ಲ. 1975ರ ಆಗಸ್ಟ್‌ನಲ್ಲಿ, ಹಳ್ಳಿಗೆ ಟಿವಿ ಪಾಠ ಮುಟ್ಟಿಸುವ ಸರ್ಕಾರದ 'ಸೈಟ್' ಪ್ರಯೋಗ ಶುರುವಾದಾಗ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ! ಅಷ್ಟು ಹೊತ್ತಿಗಾಗಲೇ ಆ ಬಿಸಿಲುನಾಡಿನವರು ತಂತಿ ಬಲೆಯ ದೊಡ್ಡ ಆಂಟೆನಾ ನೆಟ್ಟು ಟಿವಿ ನೋಡಿಯಾಗಿತ್ತು. ವ್ಯಾಪಾರಕ್ಕೆ ಬಿಟ್ಟಿದ್ದರೆ ಇದು ಆಗುತ್ತಿತ್ತಾ?

ಈಗಲೂ ಅಷ್ಟೇ. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ಒಂದು ಸಲ ಸೆಟ್‌ಟಾಪ್ ಡಬ್ಬ, ತಟ್ಟೆ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಸೀರಿಯಲ್ ಮಧ್ಯೆ ಸೋಪು ಮಾರುವ ಚಾನೆಲ್‌ಗೆ ಎರೆಗೊಬ್ಬರದ ಬಗ್ಗೆ ಅರ್ಧ ಗಂಟೆ ಕೊಡಲು ಹುಚ್ಚಾ? ಚಂದನದಲ್ಲಿ 2002ರಿಂದ ಬರುತ್ತಿರುವ ಕ್ವಿಜ್ 'ಥಟ್ ಅಂತ ಹೇಳಿ' ನೋಡಿ, ಗೆದ್ದವರಿಗೆ ಕೊಡುವುದು ಪುಸ್ತಕ. ಬೇರೆ ಯಾವ ಚಾನೆಲ್‌ಗೆ ಆ ಧೈರ್ಯ ಇದೆ?

ವಿರೋಧ: ಡಬ್ಬ ಹಂಚಿದರೆ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಚಂದನದ ಮೇಲೆ ನನಗೆ ಸಿಟ್ಟಿಲ್ಲ. ಕೊರೋನಾ ಕಾಲದ ಪಾಠದ ಬಗ್ಗೆಯೂ ತಕರಾರಿಲ್ಲ. ಆದರೆ ಸೈಟ್ ಕಥೆಯನ್ನು ಅರ್ಧಕ್ಕೇ ಬಿಟ್ಟರಲ್ವಾ? ರಾಯಚೂರು ಕಡೆಯವರು ನೋಡಿದ ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಒಂದು ವರ್ಷ ಮುಗಿಯುತ್ತಿದ್ದಂತೆ ಅಮೆರಿಕದವರು ತಮ್ಮ ಉಪಗ್ರಹವನ್ನು ವಾಪಸ್ ಸರಿಸಿಕೊಂಡರು. ಮಾಡುವವರು ಎಲ್ಲೋ, ನೋಡುವವರು ಇನ್ನೆಲ್ಲೋ. ಐವತ್ತು ವರ್ಷ ಆದರೂ ಈ ಚಾಳಿ ಹೋಗಿಲ್ಲ.

2015ರಲ್ಲಿ ರೈತರಿಗೇ ಅಂತ ದೆಹಲಿಯಿಂದ ಡಿಡಿ ಕಿಸಾನ್ ಬಂತು. 2024ರಲ್ಲಿ ಅದಕ್ಕೆ ಕ್ರಿಶ್, ಭೂಮಿ ಅಂತ ಇಬ್ಬರು ಎಐ ನಿರೂಪಕರು ಬಂದರು, ಐವತ್ತು ಭಾಷೆ ಮಾತಾಡುತ್ತಾರಂತೆ. ಮಾತಾಡಲಿ. ಕೇಳಿಸಿಕೊಳ್ಳುವವರು ಯಾರು? ಹೋದ ವರ್ಷ ನಮ್ಮ ಚಿಕ್ಕಪ್ಪ ಅಡಿಕೆ ಎಲೆ ಮೇಲೆ ಕಲೆ ಕಂಡು, ಎಲೆಚುಕ್ಕಿ ರೋಗ ಇಲ್ಲಿಗೂ ಬಂತು ಅಂತ ಹೆದರಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಪಕ್ಕದ ತಾಲೂಕಿನ ಬೆಳೆಗಾರರೊಬ್ಬರು, 'ಇದು ಬಿಸಿಲಿಗೆ ಸುಟ್ಟಿದ್ದು ಮಾರಾಯ್ರೇ, ಸುಮ್ನೆ ಔಷಧಿ ಹೊಡೀಬೇಡಿ' ಅಂದರು. ಅದೇ ಗುಂಪಿನಲ್ಲಿ ಹತ್ತು ಸುಳ್ಳೂ ಬರುತ್ತವೆ, ಒಪ್ಪುತ್ತೇನೆ. ಆದರೆ ಟಿವಿಯ ಫೋನ್-ಇನ್‌ನಲ್ಲಿ ಮಾತಾಡಬಹುದು, ಎಲೆ ತೋರಿಸೋಕಾಗಲ್ಲ.

ಇನ್ನು ಫ್ರೀ ಡಿಶ್. ಅದರಲ್ಲಿ ಖಾಸಗಿ ಚಾನೆಲ್‌ಗಳೂ ಹರಾಜಿನಲ್ಲಿ ಜಾಗ ಹಿಡಿದು ಕೂತಿವೆ, ಡಿಶ್ ಹಾಕಿಸಿದವರೆಲ್ಲ ಕೃಷಿ ಕಾರ್ಯಕ್ರಮ ನೋಡುತ್ತಾರೆ ಅಂತೇನಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಆಕಾಶವಾಣಿ, ದೂರದರ್ಶನದ ಸುಧಾರಣೆಗೆ 2,539 ಕೋಟಿ ರೂಪಾಯಿಗೂ ಜಾಸ್ತಿ ಒಪ್ಪಿಗೆ ಕೊಟ್ಟಿತು, ಅದರಲ್ಲಿ ಗಡಿ ಮತ್ತು ಬುಡಕಟ್ಟು ಪ್ರದೇಶಗಳಿಗೆ 8 ಲಕ್ಷ ಡಬ್ಬ ಹಂಚುವುದೂ ಸೇರಿತ್ತು. ಸರಿ, ಡಬ್ಬದೊಳಗೆ ಏನು ಬರಬೇಕು ಅಂತ ಆ ಊರಿನವರನ್ನೂ ಕೇಳಬೇಕಲ್ವಾ?

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ದುಡ್ಡಿಗೆ ಕಾಯಲಿಲ್ಲ. ಊರಿನ ಸಂಘಗಳಿಗೆ ರೇಡಿಯೋ ಲೈಸೆನ್ಸ್ ಸಿಗದಿದ್ದ ಕಾಲದಲ್ಲಿ 'ನಮ್ಮ ಧ್ವನಿ' ಅಂತ ಹೆಸರಿಟ್ಟು, ತಾವೇ ರೆಕಾರ್ಡ್ ಮಾಡಿದ್ದನ್ನು ಟಿವಿ ಕೇಬಲ್‌ನಲ್ಲೇ ಮನೆ ಮನೆಗೆ ಬಿಟ್ಟರು. ಸರ್ಕಾರ ದುಡ್ಡು ಹಾಕುವುದಾದರೆ ಇಂಥ ಕಡೆ ಹಾಕಲಿ. ಸ್ಟುಡಿಯೋಗೆ ಜಾಗ ಬೇಕೆಂದರೆ ನಮ್ಮೂರ ಹಾಲಿನ ಡೇರಿಯ ಮಹಡಿ ಖಾಲಿಯೇ ಬಿದ್ದಿದೆ.