ಪಾಸ್ತಾ ಪಂಕ್ತಿಭೇದ

ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಕ್ರೀಡಾಪಟುಗಳು ಪದವಿ ಮುಗಿಸಿದ ಸಂತೋಷಕೂಟದಲ್ಲಿ ಪಾಸ್ತಾ ತುಸು ಜಾಸ್ತಿ ತಿಂದರು. ನಮ್ಮ ಕಡೆಯಾದರೆ ಬಡಿಸುವವರು ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಇನ್ನೊಂದು ಸೌಟು ಸುರಿಯುತ್ತಿದ್ದರು. ಅಲ್ಲಿ ಹಾಗಲ್ಲ. ನಿಯಮ ಮೀರಿ ಉಂಡರಲ್ಲಾ ಎಂದು ಗಾಬರಿಬಿದ್ದ ವಿಶ್ವವಿದ್ಯಾಲಯ ತನ್ನ ಮೇಲೆ ತಾನೇ ದೂರು ಬರೆದುಕೊಂಡಿತು. ಮೂವರೂ ತಲಾ 3.83 ಡಾಲರ್ ದಾನ ಕೊಟ್ಟು ಪಾಪ ತೊಳೆದುಕೊಂಡರು. ನಾಲ್ಕಲ್ಲ, ಮೂರೂವರೆಯಲ್ಲ, 3.83. ಯಾರೋ ಪುಣ್ಯಾತ್ಮರು ಕ್ಯಾಲ್ಕುಲೇಟರ್ ಹಿಡಿದು ಕೂತು ಪಾಸ್ತಾಕ್ಕೆ ಬೆಲೆ ಕಟ್ಟಿರಬೇಕು. ಸುದ್ದಿ ಹೊರಬಿದ್ದದ್ದು 2014ರಲ್ಲಿ.

ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಎಂಬ ಸಂಸ್ಥೆಯ ಭಯ ಅಂಥದ್ದು. ಕಾಲೇಜು ಆಟಗಾರರು ಆಟದ ಹೆಸರಲ್ಲಿ ದುಡ್ಡು, ಸವಲತ್ತು ಮುಟ್ಟಕೂಡದು ಎಂಬುದು ಅದರ ಆಗಿನ ಮಡಿ. ಒಂದು ಕಾಲಕ್ಕೆ ಆಟಗಾರರಿಗೆ ಬೇಗಲ್ (ನಡುವೆ ತೂತಿರುವ ಬನ್ನು, ಉದ್ದಿನ ವಡೆಯ ದೂರದ ದಾಯಾದಿ) ಕೊಡಲು ಅಡ್ಡಿಯಿರಲಿಲ್ಲ. ಅದಕ್ಕೆ ಕ್ರೀಮ್ ಚೀಸ್ ಸವರಿದಿರೋ, ತಿಂಡಿ ಹೋಗಿ ಊಟವಾಯಿತು. ಊಟವಾದರೆ ಉಲ್ಲಂಘನೆ. ಮಡಿ ಮೈಲಿಗೆ ನಮ್ಮಲ್ಲೇ ಹೆಚ್ಚು ಅಂದುಕೊಂಡಿದ್ದೆ.

ಇಷ್ಟು ನಾಜೂಕಿನ ತಕ್ಕಡಿ ಇಟ್ಟುಕೊಂಡವರು ದೊಡ್ಡ ಗಂಟನ್ನು ಹೇಗೆ ತೂಗುತ್ತಾರೆ ನೋಡೋಣ.

2010ರ ಡಿಸೆಂಬರ್. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಟೆರೆಲ್ ಪ್ರಯೋರ್ ಸೇರಿ ಐವರು, ತಮಗೆ ಬಂದ ಉಂಗುರ, ಪದಕಗಳನ್ನು ಮಾರಿ ದುಡ್ಡು ಮಾಡಿಕೊಂಡಿದ್ದರು, ಅಗ್ಗಕ್ಕೆ ಹಚ್ಚೆಯನ್ನೂ ಹಾಕಿಸಿಕೊಂಡಿದ್ದರು. ಘೋರಾಪರಾಧ! ಐದು ಪಂದ್ಯ ನಿಷೇಧ! ಯಾವಾಗಿನಿಂದ? ಮುಂದಿನ ವರ್ಷದಿಂದ. ಯಾಕೆಂದರೆ ಜನವರಿ 4ಕ್ಕೆ ಶುಗರ್ ಬೌಲ್ ಇತ್ತು (ಋತುವಿನ ಕೊನೆಗೆ ಒಳ್ಳೆಯ ತಂಡಗಳು ಆಡುವ ಪಂದ್ಯಕ್ಕೆ ಬೌಲ್ ಎನ್ನುತ್ತಾರೆ). ದೊಡ್ಡ ಪಂದ್ಯ, ಟಿವಿ, ಜಾಹೀರಾತು, ಮಾರಿಟ್ಟ ಟಿಕೆಟ್ಟು. ಕಳ್ಳನನ್ನು ಹಿಡಿದ ಪೊಲೀಸರು "ಹಬ್ಬ ಮುಗಿಸಿಕೊಂಡು ಬಾರಪ್ಪ, ಆಮೇಲೆ ಒಳಗೆ ಹಾಕ್ತೀವಿ" ಎಂದ ಹಾಗೆ. ಹುಡುಗರಿಗೆ ನಿಯಮ ಸರಿಯಾಗಿ ತಿಳಿಸಿಕೊಟ್ಟಿರಲಿಲ್ಲ ಎಂಬ ಸಮಜಾಯಿಷಿ ಬೇರೆ. ಮುಂದಿನ ವರ್ಷದ ಐದು ಪಂದ್ಯಕ್ಕೆ ನೆರವಾಗದ ಅಜ್ಞಾನ ಜನವರಿಯ ಒಂದು ಪಂದ್ಯಕ್ಕೆ ಮಾತ್ರ ಕೈಹಿಡಿಯಿತು. ಅವರು ಆಡಿದರು, ಅರ್ಕಾನ್ಸಾ ವಿರುದ್ಧ 31-26ರಲ್ಲಿ ಗೆದ್ದರು. ಮುಂದೆ ಆ ಗೆಲುವನ್ನೂ ದಾಖಲೆಯಿಂದ ಅಳಿಸಲಾಯಿತು. ಪಂದ್ಯ ನಡೆದಿದೆ, ಸೋತವರು ಸೋತಿದ್ದಾರೆ, ಗೆದ್ದವರು ಮಾತ್ರ ಯಾರೂ ಇಲ್ಲ.

ಅದೇ 2010ರಲ್ಲಿ ಜಾರ್ಜಿಯದ ಎ.ಜೆ. ಗ್ರೀನ್ ತನ್ನದೇ ಜೆರ್ಸಿಯನ್ನು 1000 ಡಾಲರಿಗೆ ಮಾರಿ ನಾಲ್ಕು ಪಂದ್ಯ ಹೊರಗೆ ಕೂತ. 2013ರಲ್ಲಿ ಟೆಕ್ಸಸ್ ಎ ಅಂಡ್ ಎಂನ ತಾರೆ ಜಾನಿ ಮಂಜೀಲ್ ಹಸ್ತಾಕ್ಷರ ಹಾಕಿ ದುಡ್ಡು ಪಡೆದನೆಂಬ ಗಲಾಟೆಯಲ್ಲಿ ಸಿಕ್ಕಿಕೊಂಡಾಗ, ದುಡ್ಡು ಪಡೆದದ್ದಕ್ಕೆ ಸಾಕ್ಷಿ ಇಲ್ಲವೆಂದು ಅರ್ಧ ಪಂದ್ಯ ನಿಷೇಧ. ಹೌದು, ಅರ್ಧ. ತಪ್ಪು ಮಾಡಿದ್ದರೆ ಅರ್ಧ ಕಡಿಮೆಯಾಯಿತು, ಮಾಡದಿದ್ದರೆ ಅರ್ಧ ಜಾಸ್ತಿಯಾಯಿತು. ಆ ದಿನಗಳಲ್ಲೇ ಟಿವಿ ವಿಶ್ಲೇಷಕ ಜೇ ಬಿಲಾಸ್ ಎನ್‌ಸಿಎಎಯ ಆನ್‌ಲೈನ್ ಅಂಗಡಿಗೆ ಹೋಗಿ "ಮಂಜೀಲ್" ಎಂದು ಟೈಪ್ ಮಾಡಿದರು. ಅವನ 2ನೇ ನಂಬರಿನ ಜೆರ್ಸಿ ಠಣ್ಣನೆ ಎದುರಿಗೆ ಬಂತು! ಹುಡುಗ ತನ್ನ ಹೆಸರು ಮಾರಿದರೆ ಭ್ರಷ್ಟಾಚಾರ, ಸಂಸ್ಥೆ ಮಾರಿದರೆ ವ್ಯಾಪಾರ.

ಒಕ್ಲಹೋಮ ಸ್ಟೇಟ್ ಆಟಗಾರ ಡೆಜ್ ಬ್ರಯಾಂಟ್‌ನದು ಇನ್ನೂ ಸೊಗಸು. ಮಾಜಿ ತಾರೆ ಡಿಯಾನ್ ಸ್ಯಾಂಡರ್ಸ್ ಜೊತೆಗಿನ ಒಡನಾಟದ ಬಗ್ಗೆ ಸುಳ್ಳು ಹೇಳಿದ ಅಂತ 2009ರಲ್ಲಿ ಉಳಿದ ಇಡೀ ಋತುವೇ ಹೋಯಿತು. ಆ ಭೇಟಿ ತಪ್ಪೇ ಆಗಿರಲಿಲ್ಲ. ಮಾಡದ ತಪ್ಪನ್ನು ಹೆದರಿಕೆಯಿಂದ ಮುಚ್ಚಿಟ್ಟದ್ದೇ ತಪ್ಪು.

ಬ್ಯಾಸ್ಕೆಟ್‌ಬಾಲ್ ಕೋಚ್ ಜೆರಿ ಟಾರ್ಕೇನಿಯನ್ ಬಹಳ ಹಿಂದೆಯೇ ಚುಚ್ಚಿದ್ದರು: ಎನ್‌ಸಿಎಎಗೆ ದೊಡ್ಡ ಹೆಸರಿನ ಕೆಂಟಕಿ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಪುಟ್ಟ ಕ್ಲೀವ್‌ಲೆಂಡ್ ಸ್ಟೇಟ್‌ಗೆ ಇನ್ನೆರಡು ವರ್ಷ ಶಿಕ್ಷೆ ಹಾಕುತ್ತದೆ ಅಂತ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದು ಅಮೆರಿಕಕ್ಕೂ ಹೋಗಿ ನೆಲೆಸಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ತಾರೆ ರೆಜಿ ಬುಷ್ ಮತ್ತು ಅವನ ಕುಟುಂಬ ಅವನ ಏಜೆಂಟರಾಗ ಬಯಸಿದವರಿಂದ ಸವಲತ್ತು ಪಡೆದ ಪ್ರಕರಣಕ್ಕೆ 2010ರಲ್ಲಿ ತೀರ್ಪು ಬಂತು: ಎರಡು ವರ್ಷ ಬೌಲ್ ಪಂದ್ಯ ಇಲ್ಲ, 30 ವಿದ್ಯಾರ್ಥಿವೇತನ ಕಡಿತ. ಅಷ್ಟೊತ್ತಿಗೆ ಬುಷ್ ವೃತ್ತಿಪರ ಲೀಗ್‌ನಲ್ಲಿ ಓಡುತ್ತಿದ್ದ, ಕೋಚ್ ಪೀಟ್ ಕ್ಯಾರಲ್ ಸಿಯಾಟಲ್‌ನ ವೃತ್ತಿಪರ ತಂಡ ಸೇರಿದ್ದರು. ಬರೆ ಬಿದ್ದದ್ದು ಆ ವ್ಯವಹಾರದ ಗಂಧಗಾಳಿಯೂ ಇಲ್ಲದ ಹೊಸ ಹುಡುಗರಿಗೆ. ಒಹಾಯೊ ಸ್ಟೇಟ್ ಕೂಡ ಹಚ್ಚೆಯ ಪಾಪಕ್ಕೆ 2012ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಗೆದ್ದು ಬೌಲ್ ಇಲ್ಲದೆ ಮನೆಯಲ್ಲಿ ಕೂತಿತು. ಆಗ ತಂಡದಲ್ಲಿ ಪ್ರಯೋರ್ ಇರಲಿಲ್ಲ, ಕೋಚ್ ಟ್ರೆಸೆಲ್ ಕೂಡ ಇರಲಿಲ್ಲ.

ಇನ್ನು ಮಿಷಿಗನ್ ವಿಶ್ವವಿದ್ಯಾಲಯ. ಎದುರಾಳಿಗಳ ಪಂದ್ಯಕ್ಕೆ ಜನ ಕಳಿಸಿ, ಅವರ ಕೋಚ್‌ಗಳು ಆಟಗಾರರಿಗೆ ಮಾಡುವ ಗುಟ್ಟಿನ ಸಂಜ್ಞೆಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದ ಪ್ರಕರಣ. ಆ ಗದ್ದಲದ ನಡುವೆಯೇ 2023ರ ಋತುವಿನ ಚಾಂಪಿಯನ್ ಪಟ್ಟ. 2025ರ ಆಗಸ್ಟ್‌ನಲ್ಲಿ ತೀರ್ಪು: ಎಲ್ಲ ಸೇರಿ 2 ಕೋಟಿ ಡಾಲರಿಗೂ ಮೀರುವ ದಂಡ. ಪಟ್ಟ ಭದ್ರ. ಬೌಲ್ ನಿಷೇಧಕ್ಕೆ ಕಾರಣವಿದ್ದರೂ ಹಾಕಲಿಲ್ಲ, ಹೋದವರ ತಪ್ಪಿಗೆ ಇರುವ ಹುಡುಗರನ್ನು ಶಿಕ್ಷಿಸುವುದು ಅನ್ಯಾಯವಂತೆ. ನ್ಯಾಯವಾದ ಮಾತೇ, ನಾನೂ ಒಪ್ಪುತ್ತೇನೆ. ಸದರ್ನ್ ಕ್ಯಾಲಿಫೋರ್ನಿಯಾದ ಹುಡುಗರಿಗೆ ಒಂದು ಕಾಗದ ಬರೆದು ತಿಳಿಸಿದರೆ ಅವರೂ ಒಪ್ಪಿಯಾರು. ಕೋಚ್ ಜಿಮ್ ಹಾರ್ಬಾಗೆ ಮಾತ್ರ ಕಠಿಣ ಶಿಕ್ಷೆ, ಕಾಲೇಜು ಫುಟ್‌ಬಾಲಿನಿಂದ ಹೆಚ್ಚುಕಡಿಮೆ ಹತ್ತು ವರ್ಷ ದೂರ, 2028ರಿಂದ ಶುರು. ಅವರು 2024ರಲ್ಲೇ ವೃತ್ತಿಪರ ಲೀಗ್‌ನ ಚಾರ್ಜರ್ಸ್ ಸೇರಿಕೊಂಡಿದ್ದಾರೆ. ಊರು ಬಿಟ್ಟವನಿಗೆ ಗಡಿಪಾರು.

ಈಗ ಮಡಿಯೆಲ್ಲ ಬಿಟ್ಟುಹೋಗಿದೆ. 2021ರ ಜುಲೈಯಿಂದ ಆಟಗಾರರು ಹೆಸರು ಮಾರಿ ದುಡಿಯಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ ತಲಾ ಸುಮಾರು 2.05 ಕೋಟಿ ಡಾಲರ್. ಆ ಗಲಾಟೆಯಲ್ಲಿ ಬುಷ್ ಕಳೆದುಕೊಂಡಿದ್ದ ಹೈಸ್ಮನ್ ಟ್ರೋಫಿಯನ್ನೂ (ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವಂಥದ್ದು) 2024ರಲ್ಲಿ ಮರಳಿ ಕೊಟ್ಟರು. ಒಕ್ಲಹೋಮದ ದರದಲ್ಲೇ ಲೆಕ್ಕ ಹಾಕಿದೆ: ಒಂದು ವಿಶ್ವವಿದ್ಯಾಲಯದ ಆ ಒಂದು ವರ್ಷದ ಪಾಲಿಗೆ 53 ಲಕ್ಷದ 52 ಸಾವಿರ ಚಿಲ್ಲರೆ ಪ್ಲೇಟ್ ಪಾಸ್ತಾ ಬರುತ್ತದೆ. ಚೀಸ್ ಬೇರೆ.